ಇಸ್ತ್ರಿ ಮಾಡಿದ ಪ್ಯಾರಾಚೂಟು

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ. ಮೂವತ್ತೆಂಟು ವರ್ಷ ಒಂದೇ ಮೇಜಿನ ಹಿಂದೆ ನಿಂತು ಊರವರ ಅಂಗಿ, ಪರದೆ, ಹೊದಿಕೆ, ವಕೀಲರ ಕರಿ ಕೋಟು ಎಲ್ಲವನ್ನೂ ಉಜ್ಜಿ ಉಜ್ಜಿ ನೆಟ್ಟಗೆ ಮಾಡಿದ ಹೆಂಗಸು. ಸುಕ್ಕು ಕಂಡರೆ ಅವಳಿಗೆ ಮೈಯುರಿ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರು ಮಡಚಿಕೊಂಡಿದ್ದರೆ ಕೈ ಹಾಕಿ ಸರಿ ಮಾಡಿ ಬೈಸಿಕೊಂಡದ್ದೂ ಉಂಟು. ಬೈದವನಿಗೆ ವಾಪಸ್ ನಾಲ್ಕು ಕೊಟ್ಟದ್ದೂ ಉಂಟು, ಅದು ಬೇರೆ ಮಾತು.

ಅಂಥವಳಿಗೆ ಆ ವರ್ಷ ತಲೆಬುಡ ತಿಳಿಯದ ಎರಡು ಸಂಗತಿ ಒಟ್ಟಿಗೇ ಗಂಟುಬಿದ್ದವು. ಒಂದು ತಮ್ಮ. ಇನ್ನೊಂದು ತಮ್ಮನ ರಾಕೆಟ್ಟು.

ತಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು. ಐವತ್ತೆರಡು ವಯಸ್ಸು. ಬಾಯಿ ತೆರೆದರೆ ಮುಚ್ಚುವ ಅಭ್ಯಾಸವಿಲ್ಲ. ಭಾನುವಾರ ಬಂತೆಂದರೆ ತನ್ನಂಥದೇ ಏಳೆಂಟು ಜನ ಅರೆಹುಚ್ಚರ ಜೊತೆ ಊರಾಚೆಯ ಬಯಲಿಗೆ ಹೋಗಿ ರಾಕೆಟ್ಟು ಹಾರಿಸುತ್ತಿದ್ದ. ಹೋದ ವರ್ಷ ಹೊಸ ಡಬ್ಬಿಯೊಂದನ್ನು ತರಿಸಿಕೊಂಡು ಅಕ್ಕನ ಅಂಗಡಿಗೇ ತಂದು ತೋರಿಸಿದ್ದ. ದಪ್ಪ ರಟ್ಟಿನ ಕೊಳವೆ, ಪ್ಲೈವುಡ್ಡಿನ ಮೂರು ರೆಕ್ಕೆ, ಚೂಪು ಮೂಗು, ಕಿತ್ತಳೆ ಬಣ್ಣದ ನೈಲಾನ್ ಪ್ಯಾರಾಚೂಟು.

"ಇದು ಮಕ್ಕಳಾಟದ್ದೂ ಅಲ್ಲ, ದೊಡ್ಡ ದೊಡ್ಡೋರದ್ದೂ ಅಲ್ಲ ಅಕ್ಕಾ. ಮಧ್ಯಮ ಶಕ್ತಿದು."

"ನಿನ್ನ ಹಾಗೆ ಅನ್ನು. ಮೇಲೆ ಹೋಗಿ ಏನು ಮಾಡುತ್ತೆ?"

"ಕೆಳಗೆ ಬರುತ್ತೆ."

"ಇಲ್ಲೇ ಇದ್ದರೆ ಆಗಲ್ವಾ ಹಾಗಾದರೆ?"

ತಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡಿದ್ದ. ಅದಾಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಹಾಗೇ ಕುಸಿದ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಪ್ರಾಣ ಉಳಿಯಿತು, ಬಲಗೈ ಸೋತಿತು, ಮಾತು ಹೋಯಿತು. ಅಷ್ಟೊಂದು ಮಾತಿನಲ್ಲಿ ಉಳಿದದ್ದು ಒಂದೇ ಒಂದು: "ಅದು." ನೀರು ಬೇಕಾದರೂ ಅದು, ಬೇಡವಾದರೂ ಅದು, ಹೆಂಡತಿಯನ್ನು ಕರೆಯುವುದಕ್ಕೂ ಅದು. ತಲೆಯಾಡಿಸುವುದಾದರೂ ನೆಟ್ಟಗಿದೆಯೇ ಅಂದರೆ ಅದೂ ಕಲಸುಮೇಲೋಗರ. ಹೌದು ಅನ್ನಬೇಕಾದಲ್ಲಿ ಅಡ್ಡಡ್ಡ ಆಡಿಸುತ್ತಿದ್ದ, ಮರುಗಳಿಗೆ ತಿರುಗುಮುರುಗು.

ತಮ್ಮನ ಹೆಂಡತಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳು. ಬೆಳಿಗ್ಗೆ ಏಳಕ್ಕೆ ಪಾಳಿ. ಹಾಗಾಗಿ ದಿನಾ ಗಂಡನನ್ನು ಅಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಹೋಗುತ್ತಿದ್ದಳು. ಜೊತೆಗೆ ಆ ಡಬ್ಬಿ. ಅದನ್ನು ಮನೆಯಲ್ಲಿ ಬಿಟ್ಟು ಬಂದರೆ ಅವನು ಎಡಗೈಯಿಂದ ಬಾಗಿಲು ಹಿಡಿದು ಅಲ್ಲಾಡುತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಒಂದು ಫಾರ್ಮು ಕೊಟ್ಟಿದ್ದರು. ಅದರಲ್ಲಿ ಹೆಸರು, ವಯಸ್ಸು, ಇತ್ಯಾದಿ. ಕೊನೆಯಲ್ಲಿ ಒಂದು ಪ್ರಶ್ನೆ: ಇತರರು ಹೇಳಿದ್ದು ರೋಗಿಗೆ ಅರ್ಥವಾಗುತ್ತದೆಯೇ? ಪಕ್ಕದಲ್ಲಿ ಎರಡು ಚೌಕ. ಹೌದು. ಇಲ್ಲ.

"ನಮ್ಮ ಪರೀಕ್ಷೆಯಲ್ಲಿ ಒಂದೊಂದು ದಿನ ಒಂದೊಂದು ಥರ ಬರ್ತಿದೆ" ಅಂದಿದ್ದರು ಅವರು. "ದಿನವಿಡೀ ನೋಡೋರು ನೀವು. ಅರ್ಥ ಆಗುತ್ತೆ ಅಂತಾದರೆ ಮಾತು ಕಲಿಸೋ ತರಗತಿಗೆ ಹಾಕ್ತೀವಿ, ಮನೆಯಿಂದಲೇ ಬಂದು ಹೋಗಬಹುದು. ಇಲ್ಲಾಂದ್ರೆ ಊರಾಚೆ ಆರೈಕೆ ಮನೆ ಇದೆ. ಅಲ್ಲೇ ಇಟ್ಟುಕೊಂಡು ನೋಡಿಕೊಳ್ತಾರೆ. ಸೋಮವಾರ ತುಂಬಿಸಿ ತನ್ನಿ."

ಆರೈಕೆ ಮನೆಯನ್ನು ಅಕ್ಕ, ತಮ್ಮನ ಹೆಂಡತಿ ಇಬ್ಬರೂ ಹೋಗಿ ನೋಡಿ ಬಂದಿದ್ದರು. ಶುಚಿಯಾಗಿತ್ತು, ದೂರುವಂಥದ್ದೇನಿಲ್ಲ. ಹನ್ನೆರಡು ಮಂಚ, ಹನ್ನೆರಡು ಜನ, ಎಲ್ಲರ ಮುಖವನ್ನೂ ಕಿಟಕಿ ಕಡೆ ತಿರುಗಿಸಿಟ್ಟಿದ್ದರು. ಅಕ್ಕನಿಗೆ ಮೂರು ದಿನ ಊಟ ಸೇರಲಿಲ್ಲ.

"ನೀವೇ ಹೇಳಿ ಅಕ್ಕಾ" ಅಂದಿದ್ದಳು ತಮ್ಮನ ಹೆಂಡತಿ. "ನಾನು ಸಾಯಂಕಾಲ ಬರೋ ಹೊತ್ತಿಗೆ ಅವರಿಗೂ ಸುಸ್ತು, ನನಗೂ ಸುಸ್ತು. ನೀವು ಏನು ಹೇಳ್ತೀರೋ ಅದಕ್ಕೇ ಗುರುತು ಹಾಕೋಣ."

ಸರಿ, ಅಕ್ಕ ತನ್ನದೇ ಪರೀಕ್ಷೆ ಶುರು ಮಾಡಿದಳು. ದೀಪ ಎಲ್ಲಿದೆ ತೋರಿಸೋ ಅಂದರೆ ಕಿಟಕಿ ತೋರಿಸಿದ. ಕಿಟಕಿ ಅಂದರೆ ಅಕ್ಕನನ್ನೇ ತೋರಿಸಿದ. ನಾನು ಯಾರು ಹೇಳು ಅಂದರೆ ಅದು ಅಂದ. "ಅದು ಅಲ್ಲ ಮಾರಾಯ, ಅಕ್ಕ!" ಅಂದರೆ ಕಣ್ಣು ತುಂಬಿಕೊಂಡು ಗೋಡೆ ಕಡೆ ತಿರುಗಿದ. ಅರ್ಥವಾಗಿ ಅತ್ತನೋ, ಬೈದಂತೆ ಕೇಳಿಸಿತು ಅಂತ ಅತ್ತನೋ? ಯಾರನ್ನು ಕೇಳುವುದು? ಕೇಳಬೇಕಾದವನೇ ಅವನು.

ಇದರ ನಡುವೆ ಒಂದು ದಿನ ಸೀಟಿ ಮೇಷ್ಟ್ರು ಪ್ಯಾಂಟು ಇಸ್ತ್ರಿಗೆ ಕೊಡಲು ಬಂದರು. ನಿವೃತ್ತ ಡ್ರಿಲ್ ಮೇಷ್ಟ್ರು, ಕೊರಳಲ್ಲಿ ಯಾವಾಗಲೂ ಸೀಟಿ. ಬಯಲಿನಲ್ಲಿ ರಾಕೆಟ್ಟು ಹಾರುವ ಮೊದಲು ಎಲ್ಲ ಸರಿಯಿದೆಯೇ ಅಂತ ನೋಡಿ ಸೀಟಿ ಊದುವವರು ಅವರೇ. ಹಿಂದಿನ ಕೋಣೆಗೆ ಇಣುಕಿ, ತಮ್ಮನ ತೊಡೆಯ ಮೇಲಿದ್ದ ಡಬ್ಬಿ ನೋಡಿದರು.

"ಈ ಭಾನುವಾರ ಹಾರಿಸೋದಿದೆ ಅಮ್ಮಾ. ಇದಕ್ಕೆ ಬೇಕಾದ ಮದ್ದಿನ ಮೋಟರು ನನ್ನ ಹತ್ತಿರ ಭದ್ರವಾಗಿದೆ. ನೀವು ಮಿಕ್ಕಿದ್ದನ್ನ ಜೋಡಿಸಿ ತನ್ನಿ. ಹಾರಿಸೋ ಗುಂಡಿ ಇವರೇ ಒತ್ತಲಿ."

ಭಾನುವಾರ ಆದ ಮೇಲೆ ಸೋಮವಾರ. ಅಕ್ಕ ಲೆಕ್ಕ ಹಾಕಿದಳು. ಎಲ್ಲಿ ಹೋಗಬೇಕಾಗಿ ಬಂದರೂ ಹೋಗುವ ಮುಂಚೆ ಅವನದೊಂದು ಆಸೆ ತೀರಲಿ. ಹಾಗೆಂದುಕೊಂಡು ಒಪ್ಪಿದಳೇ ಹೊರತು, ಜೋಡಿಸುವುದು ಅಂದರೆ ಏನು ಅಂತ ಅವಳಿಗೆ ಸುತರಾಂ ಗೊತ್ತಿರಲಿಲ್ಲ.

ತಮ್ಮ ಬೀಳುವ ಮೊದಲು ಎರಡು ರೆಕ್ಕೆ ಅಂಟಿಸಿ ಮುಗಿಸಿದ್ದ. ಮೂರನೆಯದು ಬಾಕಿ. ಡಬ್ಬಿಯಲ್ಲಿದ್ದ ಹಾಳೆಯಲ್ಲಿ ಚಿತ್ರಗಳಿದ್ದವು, ಬಾಣಗಳಿದ್ದವು, ಬಾಣಕ್ಕೆ ಬಾಣ ಅಡ್ಡ ಬಂದಿತ್ತು. ಅವಳು ಹಾಳೆಯನ್ನು ಉದ್ದ ಹಿಡಿದಳು, ಅಡ್ಡ ಹಿಡಿದಳು, ಕೊನೆಗೆ ಅಭ್ಯಾಸಬಲದಿಂದ ಅದನ್ನೂ ಇಸ್ತ್ರಿ ಮಾಡಿ ನೆಟ್ಟಗೆ ಮಾಡಿದಳು. ಆದರೂ ತಲೆಗೆ ಹೋಗಲಿಲ್ಲ. ರೆಕ್ಕೆಯ ಬಾಲ ಕೊಳವೆಯ ಸೀಳಿನೊಳಗೆ ಹೋಗಿ, ಒಳಗಿರುವ ಸಣ್ಣ ಕೊಳವೆಗೆ ತಾಗಿ ಅಂಟಬೇಕಂತೆ. ಕಾಣದ ಜಾಗದಲ್ಲಿ ಅಂಟಿಸುವುದು ಯಾವ ಬುದ್ಧಿವಂತಿಕೆಯೋ!

ಅಂಟು ಬೇರೆ ಎರಡು ಟ್ಯೂಬಿನಲ್ಲಿತ್ತು. ಅವಳು ಒಂದರಿಂದ ಜಾಸ್ತಿ, ಒಂದರಿಂದ ಕಮ್ಮಿ ಹಿಂಡಿ ಕಲಸುತ್ತಿದ್ದಂತೆ ತಮ್ಮ ಎಡಗೈ ಬೀಸಿ ಬಟ್ಟಲನ್ನು ನೆಲಕ್ಕೆ ಉರುಳಿಸಿಬಿಟ್ಟ.

"ಏನೋ ಇದು, ದನ ಕಾಯೋನ ಹಾಗೆ!"

"ಅದು" ಅಂದ ತಮ್ಮ.

ಎರಡನೇ ಸಲ ಹಿಂಡಿದಾಗ ಹೇಗೋ ಎರಡೂ ಸಮಸಮ ಬಂತು, ಹಾಳೆಯ ಚಿತ್ರದಲ್ಲಿದ್ದ ಹಾಗೇ. ಆಗ ಸುಮ್ಮನಿದ್ದ. ಆಹಾ, ಇವನಿಗೆ ತಿಳಿಯುತ್ತೆ ಅಂತ ಅವಳು ಹಿಗ್ಗಿದಳು. ಆದರೆ ಮರುಗಳಿಗೆ ರೆಕ್ಕೆಯನ್ನು ಸರಿಯಾಗೇ ಹಿಡಿದಾಗಲೂ ಕೈಗೆ ಹೊಡೆದ, ತಪ್ಪಾಗಿ ಹಿಡಿದಾಗಲೂ ಹೊಡೆದ. ನೀರಿನ ಲೋಟ ಕೊಟ್ಟರೂ ಹೊಡೆದ. ಹೋಗಲಿ ಬಿಡು, ಅಂಟಿನದ್ದು ಆಕಸ್ಮಿಕ ಅಂತ ಅವಳು ನಿಟ್ಟುಸಿರುಬಿಟ್ಟಳು. ಒಂದು ಸಲ ತಿಳಿಯುತ್ತೆ ಅನ್ನಿಸುವುದು, ಇನ್ನೊಂದು ಸಲ ಇಲ್ಲ ಅನ್ನಿಸುವುದು. ಆ ವಾರವಿಡೀ ಅವಳು ಅಂಗಿಗಳನ್ನು ಅದಲು ಬದಲು ಮಾಡಿ ಕೊಟ್ಟಳು. ವಕೀಲರ ಕೋಟು ಹಜಾಮರ ಮನೆಗೆ ಹೋಯಿತು.

ಶುಕ್ರವಾರ ಸಾಯಂಕಾಲ ಉಳಿದದ್ದು ಪ್ಯಾರಾಚೂಟು ಒಂದೇ. ವರ್ಷದಿಂದ ಪೊಟ್ಟಣದಲ್ಲಿ ಮುದುಡಿಕೊಂಡಿದ್ದ ಆ ಕಿತ್ತಳೆ ಬಟ್ಟೆಯನ್ನು ಮೇಜಿನ ಮೇಲೆ ಹರವಿದಾಗ ಅವಳ ಮುಖ ಅರಳಿತು. ಅಬ್ಬಾ, ಕೊನೆಗೂ ನನಗೆ ಗೊತ್ತಿರೋ ಕೆಲಸ ಒಂದು ಬಂತಲ್ಲ! ನೈಲಾನಿಗೆ ಸಣ್ಣ ಕಾವು, ಮೇಲೆ ಒದ್ದೆ ಹತ್ತಿಬಟ್ಟೆ. ತೆಳ್ಳಗೆ ಗಂಜಿ ಚಿಮುಕಿಸಿದಳು. ದಾರಗಳನ್ನು ಬಾಚಿ ಒಟ್ಟು ಮಾಡಿದಳು. ಎರಡು ಮಡಿಕೆ, ನಾಲ್ಕು, ಎಂಟು, ಹದಿನಾರು. ಒಂದೊಂದು ಮಡಿಕೆಗೂ ಇಸ್ತ್ರಿಪೆಟ್ಟಿಗೆಯ ಭಾರ ಬಿಟ್ಟಳು. ಅಂಚು ಚಾಕುವಿನ ಹಾಗೆ ಬಂತು. ಇಂಥ ಮಡಿಕೆ ಊರಿನಲ್ಲಿ ಬೇರೆ ಯಾರಾದರೂ ಹಾಕಲಿ ನೋಡೋಣ.

ತಮ್ಮ ಕುರ್ಚಿಯಿಂದ ಎದ್ದು ಕಾಲೆಳೆಯುತ್ತಾ ಬಂದ. ಬಂದವನು ಮಡಿಕೆಯನ್ನು ಎಡಗೈಯಲ್ಲಿ ಹಿಡಿದು, ಹಿಸುಕಿ, ಮುದ್ದೆ ಮಾಡಿ ಮೇಜಿನ ಮೇಲೆ ಎಸೆದ.

ಅಕ್ಕ ಹಲ್ಲು ಕಚ್ಚಿ ಮತ್ತೆ ಹರವಿದಳು, ಮತ್ತೆ ಇಸ್ತ್ರಿ ಮಾಡಿದಳು. ಅವನು ಮತ್ತೆ ಮುದ್ದೆ ಮಾಡಿದ. "ಅದು, ಅದು!" ಮೂರನೇ ಸಲ ಅವಳು ಮಾಡಿ ಮುಗಿಸುವುದಕ್ಕೂ, ತಮ್ಮನ ಹೆಂಡತಿ ಕಾರ್ಖಾನೆಯಿಂದ ನೇರ ಬಂದು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಆಗ ತಮ್ಮ ಗೋಡೆಯ ಕನ್ನಡಿ ಹತ್ತಿರ ಹೋಗಿ, ಕೆಳಗಿನ ಹಲಗೆಯಿಂದ ಅಕ್ಕನ ಮುಖದ ಪೌಡರಿನ ಡಬ್ಬಿ ತಂದು, ಮುಚ್ಚಳವನ್ನು ಹಲ್ಲಿನಿಂದ ಕಿತ್ತು, ಇಡೀ ಡಬ್ಬಿಯನ್ನು ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಸುರಿದ. ಹಜಾಮರ ಮನೆಯಿಂದ ವಾಪಸ್ ಬಂದು ಪಕ್ಕದಲ್ಲಿದ್ದ ವಕೀಲರ ಕರಿ ಕೋಟಿನ ಮೇಲೂ ಬಿತ್ತು. ಕೋಣೆಯೆಲ್ಲ ಬಿಳಿ ಹೊಗೆ.

ಅಕ್ಕನ ತಾಳ್ಮೆ ಅಲ್ಲಿಗೆ ಖಲಾಸ್.

"ನಿನ್ನ ತಲೆ ಪೂರ್ತಿ ಕೆಟ್ಟಿದೆ ಕಣೋ! ವಾರದಿಂದ ನಿನಗಾಗಿ ಸಾಯ್ತಿದ್ದೀನಿ ನಾನು! ಬಟ್ಟೆಗೆ ಪೌಡರ್ ಹಾಕ್ತಾರೇನೋ ಯಾರಾದರೂ? ಮಗುಗೂ ಗೊತ್ತಾಗುತ್ತೆ, ಮಗುಗೂ!"

ತಮ್ಮ ಅವಳ ಮುಖವನ್ನೇ ನೋಡಿದ. ಬಾಯಿ ತೆರೆದ, "ಅದು" ಕೂಡ ಬರಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತ.

ಬಾಗಿಲಲ್ಲಿ ನಿಂತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. "ನೋಡಿದ್ರಲ್ಲ ಅಕ್ಕಾ. ಇನ್ನೇನು ಪರೀಕ್ಷೆ ಮಾಡೋದು?" ಅನ್ನುತ್ತಾ ಚೀಲದಿಂದ ಫಾರ್ಮು ತೆಗೆದು ಮೇಜಿನ ಮೇಲಿಟ್ಟಳು.

ಬಟ್ಟೆಗಳಿಗೆ ಗುರುತು ಹಾಕುವ ಪೆನ್ನು ಅಕ್ಕನ ಕೈಗೆ ಸಿಕ್ಕಿತು. ಇಲ್ಲ ಅನ್ನುವ ಚೌಕದಲ್ಲಿ ಗುರುತು ಹಾಕಿದಳು. ಸಿಟ್ಟು ಬಂದಾಗ ಅವಳ ಕೈ ಯಾವತ್ತೂ ತಡೆದದ್ದಿಲ್ಲ. ಆಮೇಲೆ ಪೌಡರು ಕೊಡವಿ, ಪ್ಯಾರಾಚೂಟನ್ನು ಒಗೆದು ಒಣಹಾಕಿ, ಮರುದಿನ ಗಂಜಿ ಹಾಕಿ ನಾಲ್ಕನೇ ಸಲ ಇಸ್ತ್ರಿ ಮಾಡಿ, ಡಬ್ಬಿಯಲ್ಲೇ ಬಂದಿದ್ದ ಬೆಂಕಿ ತಾಗದ ಬಟ್ಟೆಯಲ್ಲಿ ಸುತ್ತಿ ಕೊಳವೆಯೊಳಗೆ ಇಟ್ಟಳು. ಶನಿವಾರ ಅವನನ್ನು ಅಂಗಡಿಗೆ ಕರೆಸಲೇ ಇಲ್ಲ.

ಭಾನುವಾರ ಬೆಳಿಗ್ಗೆ ಸೀಟಿ ಮೇಷ್ಟ್ರ ವ್ಯಾನಿನಲ್ಲಿ ಮೂವರೂ ಬಯಲಿಗೆ ಹೋದರು. ಕಟಾವಾದ ಹೊಲ, ಒಣ ಕೂಳೆ, ಮೋಡವಿಲ್ಲದ ಆಕಾಶ. ಮೇಷ್ಟ್ರು ಮೋಟರು ಕೂರಿಸಿ, ಕೈಯಲ್ಲಿ ಚೀಟಿ ಹಿಡಿದು ಒಂದೊಂದಾಗಿ ಕೇಳಿದರು. ರೆಕ್ಕೆ ಗಟ್ಟಿ? ಗಟ್ಟಿ. ಮೂಗು ಸಡಿಲ? ಸಡಿಲ.

"ಪ್ಯಾರಾಚೂಟು ಸರಿಯಾಗಿ ಮಡಚಿದೀರಾ?"

"ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಚಿದೀನಿ" ಅಂದಳು ಅಕ್ಕ ಹೆಮ್ಮೆಯಿಂದ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಮಾಷೆಯಲ್ಲಿ ತಮ್ಮನನ್ನೂ ಮೀರಿಸಿದಿರಿ ಬಿಡಿ!" ಅಂದು ಚೀಟಿಯಲ್ಲಿ ಗೀಟು ಎಳೆದರು. ಇದರಲ್ಲಿ ನಗುವಂಥದ್ದೇನು ಅಂತ ಅಕ್ಕನಿಗೆ ಹೊಳೆಯಲಿಲ್ಲ. ರಾಕೆಟ್ಟಿನವರ ಯಾವುದು ತಾನೇ ಹೊಳೆದಿತ್ತು!

ತಮ್ಮ ಮಾತ್ರ ರಾಕೆಟ್ಟಿನ ಮೂಗನ್ನು ಹಿಡಿದು ಎಳೆಯತೊಡಗಿದ. "ಅದು! ಅದು! ಅದು!" ಹೆಂಡತಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಐವತ್ತು ಹೆಜ್ಜೆ ದೂರದ ಕುರ್ಚಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಮೇಷ್ಟ್ರು ತಂತಿಯ ತುದಿಯ ಗುಂಡಿಯನ್ನು ಅವನ ಎಡಗೈಯಲ್ಲಿ ಇಟ್ಟು ಸೀಟಿ ಊದಿದರು.

ಐದು, ನಾಲ್ಕು, ಮೂರು, ಎರಡು, ಒಂದು.

ತಮ್ಮ ಒತ್ತಲಿಲ್ಲ.

ಮತ್ತೆ ಸೀಟಿ, ಮತ್ತೆ ಐದರಿಂದ ಒಂದು. ಅವನು ಗುಂಡಿಯನ್ನು ತೊಡೆಯ ಮೇಲೆ ಇಟ್ಟು ತಲೆ ತಗ್ಗಿಸಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಗುಂಡಿ ಯಾತಕ್ಕೆ ಅಂತಲೂ ಮರೆತುಹೋಗಿದೆ ಅಂತ ಯಾರೋ ಅಂದದ್ದು ಅಕ್ಕನ ಕಿವಿಗೆ ಬಿತ್ತು. ಅವಳು ಹಿಂದಿನಿಂದ ಬಗ್ಗಿ, ಅವನ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಅದರ ಮೇಲೆ ತನ್ನ ಹೆಬ್ಬೆರಳಿಟ್ಟು, ಮೂರನೇ ಸಲ ಎಣಿಕೆ ಒಂದಕ್ಕೆ ಬಂದಾಗ ತಾನೇ ಒತ್ತಿದಳು.

ಹೊಸ ಬಟ್ಟೆಯ ಥಾನನ್ನು ಒಂದೇ ಎಳೆತಕ್ಕೆ ಹರಿದಂಥ ಸದ್ದು. ಅವಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ರಾಕೆಟ್ಟು ಬೆರಳುದ್ದ ಆಗಿತ್ತು, ಆಮೇಲೆ ಬಿಳಿ ಗೆರೆಯ ತುದಿಯ ಚುಕ್ಕೆ. ಅಯ್ಯೋ, ಎಷ್ಟು ಚೆನ್ನಾಗಿದೆಯಲ್ಲ! ಇಷ್ಟು ವರ್ಷ ಇವನು ನೋಡುತ್ತಿದ್ದದ್ದು ಇದನ್ನೇನು? ತನಗೇ ಗೊತ್ತಿಲ್ಲದಂತೆ ಚಪ್ಪಾಳೆ ತಟ್ಟಿದಳು. ಮೇಲೆ ಟಪ್ ಅಂತ ಸಣ್ಣ ಸದ್ದಾಯಿತು. ಮೂಗು ಕಳಚಿತು. ಕಿತ್ತಳೆ ಬಣ್ಣದ ಪುಟ್ಟದೊಂದು ಚೌಕ ಹೊರಬಿತ್ತು.

ಚೌಕ ಚೌಕವಾಗಿಯೇ ಉಳಿಯಿತು.

"ಬಿಚ್ಕೋ, ಬಿಚ್ಕೋ, ಬಿಚ್ಕೋ" ಅಂತ ಮೇಷ್ಟ್ರು ಕೂಗುತ್ತಿದ್ದರು. ರಾಕೆಟ್ಟು ಪಲ್ಟಿ ಹೊಡೆಯುತ್ತಾ ಬಂದು ದೂರದ ಕೂಳೆಯೊಳಗೆ ಧಡ್ ಎಂದು ಬಿತ್ತು.

ಎಲ್ಲರೂ ಅತ್ತ ನಡೆದರು. ತಮ್ಮನೂ, ಹೆಂಡತಿಯ ಭುಜ ಹಿಡಿದುಕೊಂಡು, ಕಾಲೆಳೆಯುತ್ತಾ. ಕೊಳವೆ ಸೀಳಿತ್ತು, ಎರಡು ರೆಕ್ಕೆ ಮುರಿದಿದ್ದವು. ಅಕ್ಕ ಅಂಟಿಸಿದ್ದು ಮಾತ್ರ ಗಟ್ಟಿಯಾಗಿ ನಿಂತಿತ್ತು. ಮೇಷ್ಟ್ರು ಪ್ಯಾರಾಚೂಟನ್ನು ಎತ್ತಿಕೊಂಡರು. ಹದಿನಾರು ಮಡಿಕೆ, ಒಂದೂ ಬಿಟ್ಟಿರಲಿಲ್ಲ.

"ಅಲ್ಲಮ್ಮಾ, ನಿಜವಾಗ್ಲೂ ಇಸ್ತ್ರಿ ಮಾಡಿದ್ರಾ?"

"ಮತ್ತೆ? ಸುಳ್ಳು ಹೇಳ್ತೀನಾ?"

"ಅಯ್ಯೋ ದೇವರೇ. ಇದನ್ನ ಸಡಿಲವಾಗಿ ಮುದ್ದೆ ಥರ ಸುತ್ತಿಡಬೇಕು. ಒಂದು ಮಡಿಕೆ ಇನ್ನೊಂದಕ್ಕೆ ಅಂಟಬಾರದು ಅಂತ ಮೈತುಂಬ ಪೌಡರ್ ಹಾಕ್ಬೇಕು, ಮುಖಕ್ಕೆ ಹಾಕೋ ಪೌಡರ್. ಹಾಳೆಯಲ್ಲಿ ಬರೆದಿರಲ್ಲ, ನಿಜ. ಆದರೆ ನಮಗೆಲ್ಲ ಇದನ್ನ ಹೇಳಿಕೊಟ್ಟಿದ್ದೇ ನಿಮ್ಮ ತಮ್ಮ."

ಅಕ್ಕ ನಿಂತಲ್ಲೇ ನಿಂತಳು. ಮುದ್ದೆ ಮಾಡಿದ್ದು, ಮತ್ತೆ ಮುದ್ದೆ ಮಾಡಿದ್ದು, ಹಲ್ಲಿನಿಂದ ಮುಚ್ಚಳ ಕಿತ್ತದ್ದು, ಈಗ ಮೂಗು ಹಿಡಿದು ಎಳೆದದ್ದು, ಗುಂಡಿ ಒತ್ತದೆ ತೊಡೆಯ ಮೇಲಿಟ್ಟದ್ದು. ವಾರವಿಡೀ ತಾನು ಪ್ರಶ್ನೆ ಕೇಳಿದ್ದೇ ಕೇಳಿದ್ದು, ಅವನು ಉತ್ತರ ಹೇಳುತ್ತಲೇ ಇದ್ದ.

ತಮ್ಮನ ಹೆಂಡತಿ ಮೇಷ್ಟ್ರ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. "ಪೌಡರ್..." ಅಂದಳು.

"ಅವನಿಗೆ ಎಲ್ಲಾ ತಿಳಿಯುತ್ತೆ ಕಣೇ" ಅಂದಳು ಅಕ್ಕ. "ತಿಳೀದೇ ಇದ್ದಿದ್ದು ನನಗೆ. ಎಲ್ಲಿ ಆ ಫಾರ್ಮು? ತೆಗಿ ಮೊದಲು."

ತಮ್ಮನ ಹೆಂಡತಿ ಚೀಲದಿಂದ ತೆಗೆದು ಕೊಟ್ಟಳು. ಅಕ್ಕ ಉಗುರಿನಿಂದ ಆ ಗುರುತನ್ನು ಕೆರೆದಳು. ಎಂಜಲು ಹಚ್ಚಿ ಉಜ್ಜಿದಳು. ಐವತ್ತು ಸಲ ಒಗೆದರೂ ಹೋಗದ ಶಾಯಿ ಅಂತ ಗಿರಾಕಿಗಳ ಮುಂದೆ ಅವಳೇ ಜಂಬ ಕೊಚ್ಚುತ್ತಿದ್ದ ಶಾಯಿ ಅದು. ಕೊನೆಗೆ ಕಾಗದವನ್ನೇ ಹರಿದು ನಾಲ್ಕು ತುಂಡು ಮಾಡಿದಳು.

"ನಾಳೆ ಹೊಸದು ಕೇಳೋಣ. ಡಾಕ್ಟರಮ್ಮನ ಮುಂದೆ ಒಂದು ಪ್ಯಾರಾಚೂಟು, ಒಂದು ಪೌಡರ್ ಡಬ್ಬಿ ಇಡೋಣ. ನಾನು ಇಸ್ತ್ರಿ ಮಾಡ್ತೀನಿ, ಇವನು ಏನು ಮಾಡ್ತಾನೆ ಅವರೇ ನೋಡಲಿ."

ಆಮೇಲೆ ತಮ್ಮನ ಮುಂದೆ ಬಂದು ನಿಂತಳು. "ತಪ್ಪಾಯ್ತು ಕಣೋ. ನಿನ್ನ ರಾಕೆಟ್ಟೂ ಹೋಯ್ತು. ನಿನ್ನ ಮೇಲೆ ಅಷ್ಟೆಲ್ಲ ಕೂಗಾಡಿಬಿಟ್ಟೆ."

ತಮ್ಮ ಮೇಷ್ಟ್ರ ಕೈಯಿಂದ ಪ್ಯಾರಾಚೂಟು ಇಸಿದುಕೊಂಡ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಒಂದೊಂದೇ ಮಡಿಕೆ ಪರಪರ ಬಿಡಿಸಿದ. ಪೂರ್ತಿ ಬಿಚ್ಚಿದ ಮೇಲೆ ಅದನ್ನು ಚೆನ್ನಾಗಿ ಹಿಸುಕಿ, ಮುದ್ದೆ ಮಾಡಿ, ಅಕ್ಕನ ಎರಡೂ ಕೈಯೊಳಗೆ ಇಟ್ಟ.

"ಅದು" ಅಂದ.

"ಹೂಂ ಕಣಪ್ಪಾ, ಗೊತ್ತಾಯ್ತು" ಅಂದಳು ಅಕ್ಕ. ವ್ಯಾನು ಊರು ಸೇರುವವರೆಗೂ ಅದನ್ನು ಮಡಿಲಲ್ಲಿ ಹಾಗೇ ಇಟ್ಟುಕೊಂಡಿದ್ದಳು. ಒಂದು ಸುಕ್ಕನ್ನೂ ಮುಟ್ಟಲಿಲ್ಲ.